ಅಪ್ಪ ಕೊಡಿಸಿದ ಸೈಕಲ್ಲಿನ ತೂಕ

ನನ್ನ ಮದುವೆ ಒಂದು ಡೈನಮೋದ ದೆಸೆಯಿಂದ ಮುರಿದುಬೀಳುವುದರಲ್ಲಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು? ಸೈಕಲ್ಲಿನ ಗಾಲಿಗೆ ಉಜ್ಜಿಕೊಂಡು ಗಿರ್ರೆಂದು ತಿರುಗಿ ದೀಪ ಹೊತ್ತಿಸುವ ಆ ಪುಟ್ಟ ಸಾಮಾನಿನಿಂದಲೇ ಅರವತ್ತರ ದಶಕದಲ್ಲಿ ನಮ್ಮ ಕಡೆ ಗಂಡಿನ ಯೋಗ್ಯತೆ ಅಳೆಯುತ್ತಿದ್ದರು. ಗಂಡಿಗೆ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಸೈಕಲ್ಲು ಕೊಡಬೇಕು ಅಂದರು, ಅಪ್ಪ ಹೂಂ ಅಂದ. ಕ್ಯಾರಿಯರು, ಸ್ಟ್ಯಾಂಡು, ಚೈನು ಪೂರ್ತಿ ಮುಚ್ಚುವ ಗೇರ್‌ಕೇಸು ಅಂದರು, ಅದಕ್ಕೂ ಹೂಂ ಅಂದ. ಆಗ ಗಂಡಿನ ಸೋದರಮಾವ ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದು, "ಡೈನಮೋ ಇಲ್ದಿದ್ ಸೈಕಲ್ಲು ನಮ್ ಉಡುಗ್ನಿಗೆ ಬ್ಯಾಡ" ಅಂತ ಟವೆಲ್ಲು ಕೊಡವಿ ಎದ್ದೇಬಿಟ್ಟ.

ಸಿಂಧಘಟ್ಟದ ನಮ್ಮಪ್ಪ ತೆಂಗಿನಕಾಯಿ ಬೆಳೆದು, ಸುಲಿದು, ಮೂಟೆ ಕಟ್ಟಿ ಕೆ.ಆರ್. ಪೇಟೆ ಸಂತೆಗೆ ಹಾಕುತ್ತಿದ್ದವನು. ಅವನದೂ ಒಂದು ಹಳೆಯ ಸೈಕಲ್ಲಿತ್ತು. ಅದಕ್ಕೆ ಡೈನಮೋ ಇರಲಿಲ್ಲ. ಚಂದ್ರನಿದ್ದರೆ ಚಂದ್ರನ ಬೆಳಕಿನಲ್ಲಿ, ಇಲ್ಲದಿದ್ದರೆ ದೇವರ ಮೇಲೆ ಭಾರ ಹಾಕಿ ಓಡಾಡಿಕೊಂಡಿದ್ದ. ಆದರೂ ಮಗಳ ಮದುವೆಗೆ ಮೈಸೂರಿಗೇ ಹೋಗಿ ಸಕಲ ಅಲಂಕಾರದ ಸೈಕಲ್ಲು ತಂದ. ತಂದ ಅಂದರೆ ತುಳಿದುಕೊಂಡೇ ಬಂದ. ಪೇಟೆ ಸಂತೆ ಬೀದಿಯೊಳಗೆ ಮಟಮಟ ಮಧ್ಯಾಹ್ನ ದೀಪ ಹೊತ್ತಿಸಿಕೊಂಡು ಬಂದನಂತೆ. ಯಾರೋ, "ಗೌಡ್ರೇ, ಅಗಲೊತ್ತಲ್ಲಿ ದೀಪ ಯಾಕೆ?" ಅಂದರೆ, "ಅಳಿಯಂದ್ರುದು ಕಣ್ಲಾ, ಉರೀತದೋ ಇಲ್ವೋ ನೋಡ್ತಿದ್ದೆ" ಅಂದನಂತೆ. ಉರಿಯುತ್ತದೆ ಅನ್ನುವುದು ಅವನಿಗೆ ಮೈಸೂರು ಬಿಡುವಾಗಲೇ ಗೊತ್ತಾಗಿತ್ತು. ಊರಿಗೆಲ್ಲ ಗೊತ್ತಾಗಬೇಕಿತ್ತು ಅಷ್ಟೆ.

ನಮ್ಮ ಯಜಮಾನರ ಕೆಲಸ ಕಾರ್ಖಾನೆಯ ತೂಕದ ಮನೆಯಲ್ಲಿ. ಕಬ್ಬಿನ ಗಾಡಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಂತರೆ ಇವರು ಮುಳ್ಳು ನೋಡಿ ತೂಕ ಕೂಗಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ ಧ್ಯಾನ. ಮನೆಗೆ ಬಂದರೂ ಆ ಚಾಳಿ ಬಿಡದು. ಮುದ್ದೆ ತಟ್ಟೆಗೆ ಬಿದ್ದ ಸದ್ದು ಕೇಳಿಯೇ ಅದರ ತೂಕ ಹೇಳುತ್ತಿದ್ದರು. ಸರಿಯಾಗಿ ಹೇಳುತ್ತಿದ್ದರೋ ಇಲ್ಲವೋ, ಪರೀಕ್ಷೆ ಮಾಡಲು ನಮ್ಮ ಮನೆಯಲ್ಲಿ ತಕ್ಕಡಿ ಇರಲಿಲ್ಲ.

ಆ ಕಾಲದಲ್ಲಿ ರಾಜ್ಯೋತ್ಸವದ ದಿನ ಪಾಂಡವಪುರದಿಂದ ನಾಗಮಂಗಲದವರೆಗೆ ಸೈಕಲ್ ಪಂದ್ಯ ಇಡುತ್ತಿದ್ದರು. ಮದುವೆಯಾದ ವರ್ಷ ಇವರೂ ಹೋದರು. ಡೈನಮೋ, ಗೇರ್‌ಕೇಸು, ಕ್ಯಾರಿಯರು, ಎಲ್ಲದರ ಸಮೇತ, ಮೇಲೊಂದು ಸೇವಂತಿಗೆ ಹಾರ ಬೇರೆ. ಹಿಂದಿನಿಂದ ಎಣಿಸಿದರೆ ಮೊದಲನೆಯವರಾಗಿ ಬಂದರು. ಗೆದ್ದವನು ದೇವಲಾಪುರದ ಕಡೆಯ ಒಬ್ಬ ಹಾಲು ಮಾರುವ ಹುಡುಗ. ಅವನ ಸೈಕಲ್ಲಿಗೆ ಎರಡು ಗಾಲಿ, ಒಂದು ಚೈನು ಬಿಟ್ಟರೆ ಇನ್ನೇನೂ ಇರಲಿಲ್ಲ. ನಮ್ಮವರು ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತು, ಬಹಳ ಹೊತ್ತು ಯೋಚನೆ ಮಾಡಿ, "ಅವ್ನು ಗೆದ್ದಿದ್ದು ಕಾಲಿಂದಲ್ಲ ಕಣೇ, ಸೈಕಲ್ಲಿಂದ. ನಮ್ದು ತೂಕ ಜಾಸ್ತಿ" ಅಂದರು. ಹಾಲಿನವನು ದಿನಾ ಅದೇ ರಸ್ತೆಯಲ್ಲಿ ಕ್ಯಾನು ಹೇರಿಕೊಂಡು ತುಳಿಯುತ್ತಾನೆ ಅನ್ನುವುದನ್ನು ನಾನು ಹೇಳಿದೆ. ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನವೇ ಸೈಕಲ್ಲನ್ನು ಕಬ್ಬಿನ ಗಾಡಿ ತೂಗುವ ಹಲಗೆಯ ಮೇಲೆ ನಿಲ್ಲಿಸಿದರಂತೆ. ಗಾಡಿ, ಎತ್ತು, ಕಬ್ಬು ಎಲ್ಲ ಸೇರಿಸಿ ತೂಗುವ ಯಂತ್ರ ಅದು. ಸೈಕಲ್ಲಿಗೆ ಮುಳ್ಳು ಮಿಸುಕಲೂ ಇಲ್ಲ. ಆಮೇಲೆ ಇವರೂ ಹತ್ತಿ ನಿಂತರಂತೆ. ಮುಳ್ಳು ಅಲ್ಲಾಡಿತಂತೆ. ಅದರ ಅರ್ಥ ಎತ್ತಿಗೂ ಆಗುತ್ತಿತ್ತು. ಇವರಿಗೆ ಮಾತ್ರ, ಯಂತ್ರ ರಿಪೇರಿಗೆ ಬಂದಿದೆ ಅನ್ನಿಸಿತು.

ಅಲ್ಲಿಂದ ಶುರುವಾಯಿತು ನೋಡಿ ಬಿಚ್ಚುವ ಕೆಲಸ. ಮೊದಲು ಡೈನಮೋ. ಯಾವುದಕ್ಕೋಸ್ಕರ ಸೋದರಮಾವ ಟವೆಲ್ಲು ಕೊಡವಿದ್ದನೋ ಅದೇ. ಆಮೇಲೆ ದೀಪ, ಬೆಲ್ಲು, ಗೇರ್‌ಕೇಸು. ಶ್ರೀರಂಗಪಟ್ಟಣದ ಕೋಟೆ ಬಾಗಿಲ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಒಬ್ಬ ಸಾಬರು ಇವರಿಗೆ ಗುರುವಾದರು. ಇವರು ಕಬ್ಬಿಣ ಕೊಟ್ಟು ಬರುವುದು, ಅವರು ಅದಕ್ಕೆ ಬದಲಾಗಿ ಅಲ್ಯುಮಿನಿಯಂ ಕೊಡುವುದು. ಭಾನುವಾರ ಬಂತೆಂದರೆ ಕಾವೇರಿ ಸ್ನಾನಕ್ಕೆ ಹೋಗುವವರ ಹಾಗೆ ಭಕ್ತಿಯಿಂದ ಹೊರಡುತ್ತಿದ್ದರು. ಅಗಲವಾದ ಹ್ಯಾಂಡಲ್ಲು ಹೋಗಿ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ್ದು ಬಂತು. ಸ್ಪ್ರಿಂಗಿನ ಸೀಟು ಹೋಗಿ ಅಂಗೈಯಗಲದ ಒಂದು ತೊಗಲು ಬಂತು. ಅದರ ಮೇಲೆ ಇವರು ಕೂರುವುದನ್ನು ನೋಡಿದರೆ ಸೀಟಿನ ಮೇಲೆ ನನಗೆ ಮರುಕ ಬರುತ್ತಿತ್ತು.

ಬಿಚ್ಚಲಾಗದ ಸಾಮಾನಿಗೆ ಸಾಬರು ತೂತು ಕೊರೆಯುತ್ತಿದ್ದರು. ಪೆಡಲಿಗೆ ತೂತು, ಬ್ರೇಕಿನ ಹಿಡಿಗೆ ತೂತು, ಹಲ್ಲುಚಕ್ರಕ್ಕೆ ಸುತ್ತಲೂ ತೂತು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. "ಇಂಗೆ ತೂತ್ ಮಾಡಿದ್ರೆ ಮುರ್ದೋಗಾಕಿಲ್ವಾ?" ಅಂತ ಕೇಳಿದೆ. ಸಾಬರು ಬಹಳ ಮರ್ಯಾದೆಯಿಂದ, "ಅರೇ ಅಮ್ಮಾ, ತೂತಿಗೆ ವಜನ್ ಎಲ್ಲಿಂದ ಬರ್ತದೆ? ತೂತು ಮುರಿಯೋದಿಲ್ಲ" ಅಂದರು. ತೂತು ಮುರಿಯುವುದಿಲ್ಲ ಅನ್ನುವುದು ನಿಜವೇ.

ಕೊನೆಗೆ ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರು ಉಳಿದವು. ಕ್ಯಾರಿಯರಿಗೆ ಕೈ ಹಾಕಿದ ದಿನ ನನಗೆ ಪಿತ್ತ ನೆತ್ತಿಗೇರಿತು. ಅದು ನಾನು ಕೂರುತ್ತಿದ್ದ ಜಾಗ.

"ಅಂಗಾರೆ ನಾನೆಲ್ಲಿ ಕೂತ್ಕಳ್ಳಿ?"

"ರಾಜ್ಯೋತ್ಸವ ಕಳೀಲಿ ಬುಡು. ಅಲ್ಲೀಗಂಟ ನಡಿ. ನಡುದ್ರೆ ಮೈಗೆ ಒಳ್ಳೇದು."

"ಯಾರ್ ಮೈಗೆ ಒಳ್ಳೇದು ಅಂತ ಕನ್ನಡಿ ನೋಡ್ಕಂಡ್ ಏಳಿ" ಅಂದೆ.

ಯಾಕೆಂದರೆ ಅಷ್ಟರಲ್ಲಿ ಇವರು ಪಂದ್ಯಕ್ಕೆ ಶಕ್ತಿ ಬೇಕೆಂದು ಬೆಳಗ್ಗೆ ಕೊಬ್ಬರಿ ಬೆಲ್ಲ, ಮಧ್ಯಾಹ್ನ ಮುದ್ದೆಗೆ ತುಪ್ಪ, ಸಂಜೆ ಮೊಟ್ಟೆ ಅಂತ ನೇಮ ಹಿಡಿದಿದ್ದರು. ಸೈಕಲ್ಲಿನಿಂದ ಇಳಿಸಿದ್ದನ್ನೆಲ್ಲ ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದರು. ಹಳೆಯ ಪ್ಯಾಂಟಿನ ಗುಂಡಿಗಳನ್ನು ನಾನು ತಿಂಗಳಿಗೊಮ್ಮೆ ಈಚೆಗೆ ಹೊಲಿದು ಕೊಡುತ್ತಿದ್ದೆ. ಇಷ್ಟಾದರೂ ಒಂದು ಮಾತು ಹೇಳಬೇಕು. ಮನುಷ್ಯ ಕೆಟ್ಟವರಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಸೈಕಲ್ಲಿನ ಹುಚ್ಚೊಂದು ಬಿಟ್ಟರೆ ಚಿನ್ನದಂಥವರು. ನಾನು ಸುಖವಾಗಿಯೇ ಇದ್ದೆ. ಈ ಸಂಗತಿ ನನಗೆ ಗೊತ್ತಿತ್ತು, ಇವರಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಬಂದ ಫಜೀತಿಯೆಲ್ಲ ಅದರಿಂದಲೇ.

ಆ ಸಂಕ್ರಾಂತಿಗೆ ಅಪ್ಪ ಎಳ್ಳು ಬೆಲ್ಲ, ಕಾಯಿ ತೆಗೆದುಕೊಂಡು ಬಸ್ಸಿನಲ್ಲಿ ಬಂದ. ಅತ್ತೆ ಜಾರಿಬಿದ್ದು ಕೈ ಮುರಿದುಕೊಂಡಿದ್ದರಿಂದ ನಾನು ತವರಿಗೆ ಹೋಗುವ ಹಾಗಿರಲಿಲ್ಲ. ಮನೆಗೆಲಸ, ಅತ್ತೆ ಆರೈಕೆ ಎರಡೂ ಸೇರಿ ಸ್ವಲ್ಪ ಇಳಿದೂ ಹೋಗಿದ್ದೆ. ಅಪ್ಪ ಒಳಗೆ ಬಂದವನೇ ಗೋಡೆಗೆ ಒರಗಿಸಿದ್ದ ಸೈಕಲ್ಲು ನೋಡಿದ. ಡೈನಮೋ ಇಲ್ಲ, ದೀಪ ಇಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ, ಚೈನು ಬಟ್ಟೆ ಬಿಚ್ಚಿದಂತೆ ಹೊರಗೆ ಕಾಣುತ್ತಿದೆ. ಅಲ್ಲಿಂದ ಕಣ್ಣು ಎತ್ತಿ ನನ್ನ ಕಿವಿ ನೋಡಿದ. ಓಲೆ ಇದ್ದವು. ಆಮೇಲೆ ಕುಡಿಯಲು ನೀರು ಕೇಳಿದ.

ಆ ನೋಟದ ಅರ್ಥ ನನಗೆ ಆಗದೆ ಇರುತ್ತದೆಯೆ? ನಮ್ಮ ಕಡೆ ಅಳಿಯ ದಾರಿ ತಪ್ಪಿದ ಅನ್ನುವುದು ಮೊದಲು ಗೊತ್ತಾಗುವುದೇ ಸೈಕಲ್ಲಿನಿಂದ. ಕುಡಿತವೋ ಜೂಜೋ ಹತ್ತಿಕೊಂಡವನು ಮೊದಲು ಡೈನಮೋ ಮಾರುತ್ತಾನೆ. ಆಮೇಲೆ ಕ್ಯಾರಿಯರು. ಸೈಕಲ್ಲಿನಲ್ಲಿ ಬಿಚ್ಚುವುದಕ್ಕೆ ಇನ್ನೇನೂ ಇಲ್ಲ ಅಂದಮೇಲೆ ಹೆಂಡತಿಯ ಕಿವಿಗೆ ಬರುತ್ತಾನೆ. ಹೆಣ್ಣು ಕೊಟ್ಟವರು ಬಂದಾಗ ಸೈಕಲ್ಲು, ಕಿವಿ ಎರಡನ್ನೂ ನೋಡಿ, ಬಾಯಿ ಮುಚ್ಚಿಕೊಂಡು ಊಟ ಮಾಡಿ ಹೋಗುತ್ತಾರೆ. ಅಳಿಯನನ್ನು ಕೇಳುವ ಹಾಗಿಲ್ಲ. ಕೇಳಿದರೆ ಮಗಳಿಗೆ ಕಷ್ಟ.

ಹಿತ್ತಲಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದಾಗ ಅಪ್ಪ ಬಂದು ಕಲ್ಲಿನ ಮೇಲೆ ಕೂತ.

"ಎಲ್ಲಾ ಚೆಂದಾಗೈತೇನವ್ವ?"

"ಐತೆ ಕಣಪ್ಪ."

"ಸೈಕಲ್ಲಿನ ಸಾಮಾನು ಕಾಣ್ನಿಲ್ಲ."

"ಅವ್ರೇ ಬಿಚ್ಚವ್ರೆ ಕಣಪ್ಪ. ಅಗುರ ಆಗ್ಲಿ ಅಂತ."

ಅಪ್ಪ ನನ್ನ ಮುಖವನ್ನೇ ನೋಡಿದ. ನನ್ನ ಜೀವಮಾನದಲ್ಲಿ ಅಷ್ಟು ಸತ್ಯವಾದ ಮಾತು ಆಡಿ ಅಷ್ಟು ಸುಳ್ಳುಗಾರ್ತಿಯಂತೆ ಕಂಡದ್ದು ಅದೊಂದೇ ಸಲ. ಗಂಡನ ಮಾನ ಮುಚ್ಚಲು ಹೆಣ್ಣುಮಕ್ಕಳು ಹೇಳುವ ಸುಳ್ಳುಗಳನ್ನೆಲ್ಲ ಅವನು ಕೇಳಿದ್ದ. ಬಿದ್ದೆ, ಬಾಗಿಲು ಬಡೀತು, ಓಲೆ ಕೊಂಡಿ ಸವೆದಿತ್ತು ಅಕ್ಕಸಾಲಿಗನ ಹತ್ತಿರ ಇದೆ, ಇತ್ಯಾದಿ. ಮೈಸೂರಿನಿಂದ ತಂದ ಹೊಸ ಡೈನಮೋವನ್ನು ಸೈಕಲ್ಲು ಹಗುರ ಆಗಲಿ ಅಂತ ಬಿಚ್ಚಿದರು ಅನ್ನುವಂಥ ಕೈಲಾಗದ ಸುಳ್ಳನ್ನು ಅವನು ಕೇಳಿರಲಿಲ್ಲ. "ಆಗ್ಲಿ ಬುಡವ್ವ" ಅಂದ. ತಲೆ ಮೇಲೆ ಕೈಯಿಟ್ಟ. ಬಿಚ್ಚಿದ ಸಾಮಾನನ್ನಾದರೂ ತೋರಿಸೋಣವೆಂದರೆ ಅದೆಲ್ಲ ಶ್ರೀರಂಗಪಟ್ಟಣದಲ್ಲಿ ಯಾರದೋ ಸೈಕಲ್ಲು ಸೇರಿ ದೀಪ ಉರಿಸುತ್ತಿತ್ತು.

ಯುಗಾದಿಗೆ ಮತ್ತೆ ಬಂದ. ಮಾವಿನಕಾಯಿ ಚೀಲದ ಜೊತೆಗೆ ಇನ್ನೊಂದು ಗೋಣಿಚೀಲ. ಬಿಚ್ಚಿದರೆ ಒಂದು ಜೊತೆ ಮಡ್‌ಗಾರ್ಡು, ಒಂದು ಬೆಲ್ಲು. ಕರಿ ಬಣ್ಣ ಹೊಳೆಯುತ್ತಿತ್ತು. ಹೊಸದೆಂದುಕೊಂಡೆ. "ಪ್ಯಾಟೇಲಿ ಸಿಕ್ತು, ತಂದೆ" ಅಂದ. ಇವರು ಕಾರ್ಖಾನೆಯಿಂದ ಬಂದು ನೋಡಿ, ಅಪ್ಪನ ಎದುರಿಗೆ "ಯಾಕ್ ತರಾಕ್ ಓದ್ರಿ ಮಾವ" ಅಂದರು. ಅಪ್ಪ ಬಸ್ಸು ಹತ್ತಿದ ಮೇಲೆ ನನಗೆ, "ನಾನಿಲ್ಲಿ ಗುಂಜಿ ಗುಂಜಿ ಇಳುಸ್ತಾ ಇವ್ನಿ, ನಿಮ್ಮಪ್ಪ ಮಣದ ಲೆಕ್ಕ ತತ್ತಾವ್ರಲ್ಲೇ" ಅಂದರು. ಎಲ್ಲ ಅಟ್ಟ ಸೇರಿತು.

"ಅಪ್ಪ ಬರೋ ದಿವ್ಸನಾದ್ರೂ ಆಕ್ಕಂಡಿರಿ. ಅವ್ನು ಏನೇನೋ ತಿಳ್ಕಂಡವ್ನೆ" ಅಂದೆ.

"ಏನ್ ತಿಳ್ಕತಾರೆ? ಪಂದ್ಯದಲ್ಲಿ ಗೆದ್ಮೇಲೆ ಅವ್ರೇ ಎಮ್ಮೆ ಪಡ್ತಾರೆ ಕಣೇ."

ಇವರಿಗೆ ಅರ್ಥವಾಗಲಿಲ್ಲ. ಎಲ್ಲರಿಗೂ ಸೈಕಲ್ಲಿನ ತೂಕದ್ದೇ ಚಿಂತೆ ಅಂತ ತಿಳಿದಿದ್ದರು. ನಿಮ್ಮನ್ನು ಕುಡುಕ ಅಂದುಕೊಂಡಿದ್ದಾನೆ ನಮ್ಮಪ್ಪ ಅಂತ ಬಾಯಿಬಿಟ್ಟು ಹೇಳಲು ನನಗೂ ನಾಲಿಗೆ ಬರಲಿಲ್ಲ. ಹೇಳಿದರೆ ಮಾವ ಅಳಿಯನಿಗೆ ಎಂದೂ ಹೋಗದ ಮನಸ್ತಾಪ.

ಗೌರಿಹಬ್ಬಕ್ಕೆ ಬಾಗಿನ ತಂದಾಗ ಅಪ್ಪ ಒಂದು ಕ್ಯಾರಿಯರು, ಒಂದು ಸ್ಟ್ಯಾಂಡು ಹೊತ್ತು ಬಂದಿದ್ದ. ಬಸ್ಸಿನ ಮೇಲೆ ಹಾಕಲು ಬಿಡದೆ ತೊಡೆಯ ಮೇಲೇ ಇಟ್ಟುಕೊಂಡು ಬಂದನಂತೆ. ಪಂಚೆಗೆ ಕರಿ ಬಣ್ಣ ಮೆತ್ತಿಕೊಂಡಿತ್ತು. ಅಷ್ಟು ಹೊತ್ತಿಗೆ ನಮ್ಮ ಸೈಕಲ್ಲಿನಲ್ಲಿ ಬಿಚ್ಚುವುದು ಏನೂ ಉಳಿದಿರಲಿಲ್ಲ. ಅಪ್ಪ ಅದನ್ನು ನೋಡಿದ. ಆಮೇಲೆ ನನ್ನ ಕಿವಿ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, ತನ್ನದೇ ತಪ್ಪೆನ್ನುವ ಹಾಗೆ ಅಂದ:

"ಡೈನಮೋ ಒಂದು ನನ್ ಕೈಲಾಗ್ನಿಲ್ಲ ಕಣವ್ವ."

ನನಗೆ ಅಳು ಬಂದುಬಿಟ್ಟಿತು. ಅತ್ತರೆ ಇನ್ನೂ ಕೆಟ್ಟಿತಲ್ಲ! ಅವನು ಅದಕ್ಕೆ ಬೇರೆ ಅರ್ಥ ಕಟ್ಟಿಕೊಂಡ. "ಅಳಬ್ಯಾಡ ಕಣವ್ವ, ಒಳ್ಳೆ ದಿನ ಬತ್ತದೆ" ಅಂತ ಸೆರಗು ಹಿಡಿದು ಕಣ್ಣು ಒರೆಸಿದ. ಮಗಳನ್ನು ಹಾಳು ಮನೆಗೆ ಕೊಟ್ಟೆ ಅಂತ ಈ ಮುದುಕ ರಾತ್ರಿಯೆಲ್ಲ ಹೊರಳಾಡುತ್ತಿರಬೇಕು, ಅವ್ವನ ಹತ್ತಿರವೂ ಹೇಳಿಕೊಳ್ಳದೆ ಕೊರಗುತ್ತಿರಬೇಕು, ಇದೇ ಕೊರಗಿನಲ್ಲಿ ಸತ್ತರೂ ಸಾಯಬಹುದು ಅನ್ನಿಸಿತು. ಎಷ್ಟು ಹೇಳಿದರೂ ನಂಬುವ ಆಸಾಮಿಯಲ್ಲ. ಕಣ್ಣಿಗೆ ಕಾಣಿಸಬೇಕು.

"ಅಪ್ಪ, ರಾಜ್ಯೋತ್ಸವದ ದಿನ ನಾಗಮಂಗಲಕ್ಕೆ ಬಾ. ಅವ್ರು ಸೈಕಲ್ ಪಂದ್ಯದಲ್ಲಿ ಬತ್ತಾರೆ. ನಾನು ದಿಟ ಏಳಿದ್ನೋ ಸುಳ್ಳೇಳಿದ್ನೋ ನೀನೇ ನೋಡು."

"ಆಗ್ಲಿ ಬುಡವ್ವ" ಅಂದ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. ಬರುತ್ತಾನೆ ಅನ್ನುವ ಧೈರ್ಯ ನನಗಿರಲಿಲ್ಲ.

ಪಂದ್ಯದ ದಿನ ಕಾರ್ಖಾನೆಯ ಲಾರಿಯಲ್ಲಿ ನಾವು ಹೆಂಗಸರು ಮುಂಚೆಯೇ ನಾಗಮಂಗಲಕ್ಕೆ ಹೋದೆವು. ರಸ್ತೆಗೆ ಅಡ್ಡ ಮಾವಿನ ತೋರಣ, ಎರಡು ಬಾಳೆಕಂಬ, ಒಂದು ಮೇಜು, ಮೇಜಿನ ಮೇಲೆ ಒಂದು ಬೆಳ್ಳಿ ಬಣ್ಣದ ಲೋಟ. ತಮಟೆಯವರು ಬೆಂಕಿಗೆ ತಮಟೆ ಕಾಯಿಸಿಕೊಂಡು ಕಾದಿದ್ದರು. ಬಿಸಿಲು ಏರಿತು. ಜನ ಕತ್ತು ಚಾಚಿ ಚಾಚಿ ನೋಡಿ ಸಾಕಾಗಿ ಬೆಂಚಿನ ಮೇಲೆ ಕೂತರು. ಆಗ ತಿರುವಿನಲ್ಲಿ ಒಂದು ಸೈಕಲ್ಲು ಕಾಣಿಸಿತು.

"ಬಂದ, ಬಂದ!" ಅಂತ ಕೂಗೆದ್ದಿತು. ತಮಟೆ ಬಡಿಯತೊಡಗಿತು. ಸೈಕಲ್ಲಿಗೆ ಮಡ್‌ಗಾರ್ಡಿಲ್ಲ, ಬೆಲ್ಲಿಲ್ಲ, ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಪಕ್ಕಾ ಪಂದ್ಯದ ಸೈಕಲ್ಲು. ತುಳಿಯುವವನು ಪಂಚೆ ಎತ್ತಿ ಕಟ್ಟಿದ್ದಾನೆ, ತಲೆಗೆ ಟವೆಲ್ಲು ಸುತ್ತಿದ್ದಾನೆ, ಬೆವರು ಹರಿಯುತ್ತಿದೆ. "ಯಾರ್ಲಾ ಇವ್ನು, ಇಷ್ಟ್ ವಯಸ್ಸಾಗೈತೆ!" ಅಂದರು. "ವಯಸ್ಸಾದ್ರೇನ್ಲಾ, ಆ ತೊಡೆ ನೋಡು" ಅಂದರು. ತೋರಣ ದಾಟಿದ್ದೇ ತಡ, ಟೋಪಿ ಹಾಕಿಕೊಂಡಿದ್ದ, ಪಂದ್ಯ ನಡೆಸುವ ಹಿರಿಯರೊಬ್ಬರು ಓಡಿಹೋಗಿ ಕೊರಳಿಗೆ ಹಾರ ಹಾಕಿಬಿಟ್ಟರು.

ಅದು ನಮ್ಮಪ್ಪ.

"ನಂಬರ್ ಎಷ್ಟು ಗೌಡ್ರೇ?" ಅಂತ ಅವರು ಕೇಳುತ್ತಿದ್ದರು. ಅಪ್ಪ ಹಾರವನ್ನೂ ತಮಟೆಯನ್ನೂ ನೋಡಿ ಕಕ್ಕಾಬಿಕ್ಕಿಯಾಗಿ, "ನಾನು ಸಿಂಧಗಟ್ಟದೋನು ಸ್ವಾಮಿ. ಮಗಳು ಬಾ ಅಂದಿದ್ಲು, ವೊತ್ತಾಯ್ತು ಅಂತ ಜೋರಾಗಿ ತುಳ್ದೆ" ಅಂದ. ಜನ ಗೊಳ್ಳೆಂದು ನಕ್ಕರು. ನಾನೂ ನಗಬೇಕೆಂದು ಬಾಯಿ ತೆರೆದವಳು, ಅವನು ಸೈಕಲ್ಲನ್ನು ಮರಕ್ಕೆ ಒರಗಿಸುವುದನ್ನು ನೋಡಿದೆ. ಸ್ಟ್ಯಾಂಡಿಲ್ಲದ ಸೈಕಲ್ಲು. ನಾನು ಚಿಕ್ಕವಳಿದ್ದಾಗಿನಿಂದ ಕಂಡ ಅದೇ ಹಳೆಯ ಸೈಕಲ್ಲು. ಹಿಂದೆ ಕ್ಯಾರಿಯರು ಇದ್ದ ಕಡೆ ಬರೀ ಎರಡು ತುಕ್ಕಿನ ತೂತು.

ಹೋಗಿ ಅವನ ತೋಳು ಹಿಡಿದೆ.

"ಅಪ್ಪ, ನಿನ್ ಕ್ಯಾರಿಯರ್ ಎಲ್ಲಿ?"

"ನಿನ್ ಮನೇಲೈತಲ್ಲವ್ವ."

"ಮಡ್‌ಗಾರ್ಡು? ಬೆಲ್ಲು?"

"ಬಣ್ಣ ಒಡ್ದೆ. ನಿಂಗೆ ಗೊತ್ತಾಗ್ನಿಲ್ವಾ?" ಅಂದ, ಸ್ವಲ್ಪ ಹೆಮ್ಮೆಯಿಂದಲೇ.

"ಸಂತೆಗೆ ಕಾಯಿ ಎಂಗೆ ತಗೊಂಡ್ ಓಯ್ತೀಯಾ?"

"ತಲೆ ಇಲ್ವಾ?"

ಸಿಂಧಘಟ್ಟದಿಂದ ಪೇಟೆಗೆ ಕಾಯಿಮೂಟೆ ತಲೆಯ ಮೇಲೆ. ಗೌರಿಹಬ್ಬದಿಂದ ಅಲ್ಲಿಯವರೆಗೆ ಪ್ರತಿ ಸಂತೆಗೂ. ನನಗೆ ಸಿಟ್ಟು ಬಂತು, ಅಳು ಬಂತು. ಆ ನಡುರಸ್ತೆಯಲ್ಲಿ ಅಪ್ಪನನ್ನು ಹಿಡಿದು ಬೈಯತೊಡಗಿದೆ. ನಿನಗೇನು ತಲೆ ಕೆಟ್ಟಿದೆಯಾ, ಹೇಳಿದರೆ ನಂಬಬಾರದಾ ಅಂದೆ. ಅವನು ಹಾರ ಹಾಕಿಕೊಂಡೇ ಸುಮ್ಮನೆ ಬೈಸಿಕೊಂಡ.

ಅಷ್ಟರಲ್ಲಿ ನಿಜವಾದ ಪಂದ್ಯದವರು ಬಂದರು. ದೇವಲಾಪುರದ ಹಾಲಿನವನೇ ಮತ್ತೆ ಮೊದಲು. ಅಪ್ಪನ ಕೊರಳಿಂದ ಹಾರ ಬಿಚ್ಚಿಕೊಂಡು ಹೋಗಿ ಅವನಿಗೆ ಹಾಕಿದರು. ಅವನ ಹಿಂದೆ ಒಬ್ಬ, ಇನ್ನೊಬ್ಬ, ಆಮೇಲೆ ಒಂದು ಹಿಂಡು. ಒಬ್ಬನ ಸೈಕಲ್ಲಿಗೂ ಕ್ಯಾರಿಯರಿಲ್ಲ, ಬೆಲ್ಲಿಲ್ಲ, ದೀಪವಿಲ್ಲ. ಅಪ್ಪ ಒಂದೊಂದನ್ನೇ ನೋಡಿದ. ಬಾಯಿ ಮೇಲೆ ಕೈಯಿಟ್ಟುಕೊಂಡ.

"ಅಯ್ಯೋ ಶಿವನೇ! ಇವ್ರೆಲ್ಲಾ ಮಾರ್ಕಂಡ್‌ಬುಟ್ಟವ್ರಾ? ಇವ್ರಿಗೆಲ್ಲಾ ಎಣ್ ಕೊಟ್ಟೋರ್ ಗತಿ ಏನವ್ವಾ?"

"ಮಾರ್ಕಂಡಿಲ್ಲ ಕಣಪ್ಪ. ಬಿಚ್ಚವ್ರೆ. ಅಗುರ ಆದ್ರೆ ಜೋರಾಗಿ ಓಯ್ತದೆ ಅಂತ."

ಆಗಲೂ ಪೂರ್ತಿ ನಂಬಿದನೋ ಇಲ್ಲವೋ. ಎಲ್ಲರೂ ಬಂದು, ಲೋಟ ಕೊಟ್ಟು, ಭಾಷಣ ಮುಗಿದು, ತಮಟೆಯವರು ಹೊರಟ ಮೇಲೆ ನಮ್ಮ ಯಜಮಾನರು ಬಂದರು. ನಡೆದುಕೊಂಡು ಬಂದರು. ಎದೆಯ ಮೇಲೆ ನಂಬರು, ಹೆಗಲ ಮೇಲೆ ಸೈಕಲ್ಲು, ಇನ್ನೊಂದು ಕೈಯಲ್ಲಿ ತೂತು ಕೊರೆದ ಪೆಡಲು. ಅದು ಸರಿಯಾಗಿ ತೂತಿನ ಪಕ್ಕದಲ್ಲೇ ಮುರಿದಿತ್ತು. ಸಾಬರ ಮಾತು ಸುಳ್ಳಾಗಲಿಲ್ಲ, ತೂತು ಸುರಕ್ಷಿತವಾಗಿತ್ತು. ಹೊರಲು ಸೈಕಲ್ಲು ಹಗುರವಾಗಿದ್ದದ್ದು ಮಾತ್ರ ಪುಣ್ಯ.

ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. ಬಾಯಿಯ ಹತ್ತಿರ ಹೋಗಿ ಮೂಸಿದನೋ ಅಂತ ನನಗೆ ಅನುಮಾನ. ಆಮೇಲೆ ನನ್ನ ಕಡೆ ತಿರುಗಿದ.

"ಅಂಗಾರೆ ನೀ ಏಳಿದ್ದು ದಿಟವೇನವ್ವ?"

"ದಿಟ ಕಣಪ್ಪ."

"ನೀನು ಸುಕವಾಗಿದ್ದೀಯಾ?"

"ಇವ್ನಿ ಕಣಪ್ಪ. ಈ ಉಚ್ಚೊಂದ್ ಬುಟ್ರೆ ಇನ್ನೇನೂ ಇಲ್ಲ."

ಅಪ್ಪ ಅಲ್ಲೇ ಬಾಳೆಕಂಬದ ಬುಡದಲ್ಲಿ ಕುಕ್ಕರಿಸಿ, ಟವೆಲ್ಲು ಮುಖಕ್ಕೆ ಒತ್ತಿಕೊಂಡು ಗೊಳೋ ಅಂತ ಅತ್ತುಬಿಟ್ಟ. ಇವರು ಗಾಬರಿಯಾಗಿ, ತಾವು ಸೋತಿದ್ದಕ್ಕೆ ಮಾವ ಅಳುತ್ತಿದ್ದಾರೆಂದು ತಿಳಿದು, "ಬರೋ ವರ್ಸ ಗೆಲ್ತೀನಿ ಬುಡಿ ಮಾವ" ಅಂದರು. ಆಗ ನನಗೆ ತಡೆಯಲಾಗಲಿಲ್ಲ. ಸಂಕ್ರಾಂತಿಯಿಂದ ಹಿಡಿದು ಎಲ್ಲವನ್ನೂ ಅವರ ಮುಖಕ್ಕೆ ಹೇಳಿದೆ. ಮರಕ್ಕೆ ಒರಗಿದ್ದ ಅಪ್ಪನ ಸೈಕಲ್ಲು ತೋರಿಸಿದೆ. ಇವರು ಅದರ ಹತ್ತಿರ ಹೋಗಿ ಆ ಎರಡು ತುಕ್ಕಿನ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ತೂಕದ ಮನೆಯ ಮನುಷ್ಯ ಮೊದಲ ಸಲ ಏನೂ ತೂಕ ಹೇಳಲಿಲ್ಲ.

"ಸಾಮಾನೆಲ್ಲಾ ತಂದ್‌ಕೊಡ್ತೀನಿ ಮಾವ" ಅಂದರು.

ಅಪ್ಪ ಕಣ್ಣು ಒರೆಸಿಕೊಂಡು ಎದ್ದ. "ಉಂಟೇ ಅಳಿಯಂದ್ರೆ? ಮಗಳಿಗೆ ಕೊಟ್ಟಿದ್ದ ವಾಪಸ್ ಈಸ್ಕಂಡ್ರೆ ಊರಾಗೆ ತಲೆ ಎತ್ತೀನಾ? ಅದು ಅವ್ಳುದು" ಅಂತ ಹೇಳಿ, ಎಷ್ಟು ಬೇಡಿದರೂ ಕೇಳದೆ, ಬೆಲ್ಲಿಲ್ಲದ ಸೈಕಲ್ಲು ಹತ್ತಿ, "ದಾರಿ, ದಾರಿ" ಅಂತ ಬಾಯಲ್ಲೇ ಕೂಗುತ್ತಾ ಹೊರಟುಹೋದ.

ಆ ವಾರ ಇವರು ಮತ್ತೆ ಸಾಬರ ಅಂಗಡಿಗೆ ಹೋದರು. ಪೆಡಲು ಕಟ್ಟಿಸಿದರು, ಹಳೆಯ ಹ್ಯಾಂಡಲ್ಲನ್ನೇ ಹುಡುಕಿ ಹಾಕಿಸಿದರು. ಅಟ್ಟದ ಮೇಲಿಂದ ಅಪ್ಪನ ಕ್ಯಾರಿಯರು ಇಳಿಸಿ ನಮ್ಮ ಸೈಕಲ್ಲಿಗೆ ಬಿಗಿದರು. ಊರಿನ ಕುಲುಮೆಯಲ್ಲಿ ಹೊಡೆಸಿದ್ದು ಅದು, ಬೆರಳು ದಪ್ಪದ ಸರಳುಗಳು, ಅಂಗಡಿಯ ಕ್ಯಾರಿಯರಿನ ಎರಡರಷ್ಟು ಭಾರ. ಸಂತೆಯ ಹಿಂದಿನ ದಿನ ನನ್ನನ್ನು ಅದರ ಮೇಲೆ ಕೂರಿಸಿಕೊಂಡು, ಏದುಸಿರು ಬಿಡುತ್ತಾ ಸಿಂಧಘಟ್ಟಕ್ಕೆ ಬಂದರು. ಅಳಿಯ ಬಂದರೆಂದು ಮನೆಯಲ್ಲಿ ಕೋಳಿ ಕೊಯ್ದರು, ಚಾಪೆ ಹಾಸಿದರು. ಅಳಿಯನಾದವನು ಆ ಮನೆಯಲ್ಲಿ ಕುಡಿದ ಚೆಂಬನ್ನೂ ತಾನೇ ಎತ್ತಿಡುವ ಹಾಗಿಲ್ಲ, ಅಂಥ ಮರ್ಯಾದೆ.

ಬೆಳಗ್ಗೆ ಅಪ್ಪ ಅಂಗಳದಲ್ಲಿ ಮೂಟೆ ಇಟ್ಟು, ತಲೆಗೆ ಸಿಂಬಿ ಸುತ್ತುತ್ತಾ ನಿಂತಿದ್ದ. ಇವರು ಒಳಗಿನಿಂದ ಬಂದವರೇ ಮೂಟೆಯನ್ನು ಎತ್ತಿ ಕ್ಯಾರಿಯರಿಗೆ ಹಾಕಿ ಹಗ್ಗ ಬಿಗಿದರು. ಏನು ಮಾಡುತ್ತಿದ್ದಾರೆ ಅಂತ ನಮಗೆ ಹೊಳೆಯುವುದರೊಳಗೆ ಸೈಕಲ್ಲು ಹತ್ತಿ ಬೀದಿಗೆ ಇಳಿದಿದ್ದರು.

"ಅಯ್ಯಯ್ಯೋ! ಅಳಿಯಂದ್ರ ಕೈಲಿ ಕಾಯಿ ಒರಿಸ್‌ಬುಟ್ರಲ್ಲಪ್ಪೋ!" ಅಂತ ಅವ್ವ ಬಾಯಿ ಬಡಿದುಕೊಂಡಳು. ಅಪ್ಪ ಸಿಂಬಿ ಬಿಸಾಕಿ ಸ್ವಲ್ಪ ದೂರ ಓಡಿದ. ಆಗುವುದಿಲ್ಲವೆಂದು ಹಿಂದಕ್ಕೆ ಬಂದು ತನ್ನ ಬೋಳು ಸೈಕಲ್ಲು ಹತ್ತಿದ. "ಬ್ಯಾಡಿ ಅಳಿಯಂದ್ರೇ! ಜನ ನೋಡ್ತಾರೆ! ನಿಲ್ಲಿ, ನಿಮ್ ದಮ್ಮಯ್ಯ!" ಇವರು ಹಿಂತಿರುಗಿ ನೋಡಲಿಲ್ಲ. ಊರಿಗೂರೇ ಜಗಲಿಗೆ ಬಂದು ನಿಂತಿತು. ಮುಂದೆ ಕಾಯಿಮೂಟೆ ಹೇರಿಕೊಂಡ ಅಳಿಯ, ಹಿಂದೆ ಹಗುರವಾದ ಸೈಕಲ್ಲಿನಲ್ಲಿ ಮಾವ. ಹಿಡಿಯಲಾಗಲಿಲ್ಲ. ಕೆರೆ ಏರಿ ದಾಟುವವರೆಗೆ ಅಪ್ಪನ ಕೂಗು ಕೇಳುತ್ತಲೇ ಇತ್ತು.

ಸಂಜೆ ಇಬ್ಬರೂ ಜೊತೆಯಲ್ಲಿ ಬಂದರು. ಇವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅಪ್ಪ ಜಗಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ. ಅವ್ವ ಸಿಟ್ಟಿನಲ್ಲಿದ್ದಳು.

"ಅಲ್ಲಾ, ಪ್ಯಾಟೆ ಜನ ಎಲ್ಲಾ ನೋಡಿರ್ತಾರೆ. ಮೂಟೆ ಇಳುಸ್ತಿರೋನು ಯಾರು ಅಂತ ಕೇಳ್ನಿಲ್ವಾ?"

"ಕೇಳುದ್ರು."

"ಏನಂದೆ?"

"ಇನ್ನೇನ್ ಅನ್ಲಿ? ನಮ್ ಅಳಿಯ ಕಣ್ರಲಾ ಅಂದೆ" ಅಂದ ಅಪ್ಪ. ಮತ್ತೆ ಒಂದು ಸಲ, ಯಾರೂ ಕೇಳದಿದ್ದರೂ, "ನಮ್ ಅಳಿಯ" ಅಂದು, ಕೆಮ್ಮು ಬಂದವನ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡ.